ಕೊಳೆಯದ ನೊರೆ

ಕಳೆದ ವಾರ ಗೋಪನಕೊಪ್ಪದ ನಮ್ಮ ಓಣಿಯಲ್ಲಿ ಗಟಾರು ಬಳಿದು, ಕರಿ ಹೂಳನ್ನು ರಸ್ತೆ ಬದಿಗೇ ಗುಡ್ಡೆ ಹಾಕಿ ಹೋಗಿದ್ದರು. ಎಲ್ಲರೂ ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಆ ವಾಸನೆಗೆ ನನಗೆ ನೆನಪಾಗುವುದು ಒಬ್ಬರ ಮುಖ...

ತಾರಿಹಾಳದ ಸಣ್ಣ ಪ್ರಯೋಗಾಲಯವೊಂದರಲ್ಲಿ ಅವರು ಹಿರಿಯ ಕೆಮಿಸ್ಟ್. ಎಂಎಸ್ಸಿ ಮುಗಿಸಿ ನಾನು ಅಲ್ಲಿ ಸೇರಿದಾಗ ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಅಮ್ಮಿನಬಾವಿಯಿಂದ ಬಸ್ಸು ಬದಲಿಸಿ ಬರುತ್ತಿದ್ದರು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಆದರೆ ತಮ್ಮ ಡಬ್ಬಿಯ ರೊಟ್ಟಿ ಮುರಿದು ನನಗಿಷ್ಟು ಕೊಡದೆ ಉಂಡವರಲ್ಲ.

ಒಂದು ಮಳೆಗಾಲ, ಬಟ್ಟೆ ಒಗೆಯುವ ಲಿಕ್ವಿಡ್ ತಯಾರಿಸುವ ಕಾರ್ಖಾನೆಯವರು ತಮ್ಮ ಹೊಸ ನೊರೆ ರಾಸಾಯನಿಕವನ್ನು ಕಳಿಸಿದರು. ಹಳ್ಳ ಸೇರಿದ ಮೇಲೆ ಅದು ತಾನಾಗಿ ಕೊಳೆತು ಹೋಗುತ್ತದೆಯೇ ಎಂದು ನಾವು ಹೇಳಬೇಕಿತ್ತು. ಪರೀಕ್ಷೆ ಸರಳ. ಬಾಟಲಿ ತುಂಬ ಶುದ್ಧ ನೀರು, ಅದಕ್ಕೆ ಚೂರೇ ಚೂರು ರಾಸಾಯನಿಕ, ಗಟಾರಿನ ನೀರಿನ ಹನಿ. ಬಿಗಿಯಾಗಿ ಮುಚ್ಚಿ ನಾಲ್ಕು ವಾರ ಕತ್ತಲೆಯ ಕಪಾಟಿನಲ್ಲಿಡುವುದು. ಗಟಾರಿನ ಸೂಕ್ಷ್ಮಜೀವಿಗಳು ರಾಸಾಯನಿಕವನ್ನು ತಿಂದರೆ ನೀರಿನೊಳಗಿನ ಆಮ್ಲಜನಕ ಇಳಿಯುತ್ತದೆ. ತಿನ್ನದಿದ್ದರೆ ಇದ್ದಷ್ಟೇ ಇರುತ್ತದೆ. ಜೀವಿಗಳು ಬದುಕಿವೆಯೇ ಎಂದು ನೋಡಲು, ಅವು ಸುಲಭವಾಗಿ ತಿನ್ನುವ ಪದಾರ್ಥ ಹಾಕಿದ ಬಾಟಲಿಯೂ ಪಕ್ಕದಲ್ಲಿರುತ್ತದೆ.

ಪಕ್ಕದ ಬಾಟಲಿಯಲ್ಲಿ ಆಮ್ಲಜನಕ ಚೆನ್ನಾಗಿಯೇ ಇಳಿದಿತ್ತು. ರಾಸಾಯನಿಕದ ಬಾಟಲಿಗಳಲ್ಲಿ ಕದಲಿರಲಿಲ್ಲ.

"ಹುಳಾ ಜೀವಂತ ಅದಾವ ತಂಗಿ," ಎಂದರು ಅಕ್ಕಾರು. "ಇದನ್ನ ಮುಟ್ಟಾಕ ಒಲ್ಲವು."

ಪ್ರಯೋಗಾಲಯದ ಮಾಲಕರಿಗೆ ಇದು ಹಿಡಿಸಲಿಲ್ಲ. ಕಾರ್ಖಾನೆಯ ಸ್ವಂತ ಕೊಳಚೆ ನೀರಿನ ಟಾಕಿಯ ಹೂಳು ತಂದು ಮತ್ತೆ ಮಾಡಿರಿ ಎಂದರು.

"ಆ ಟಾಕ್ಯಾಗಿನ ಹುಳಾ ತಿಂಗಳಾನುಗಟ್ಟಲೆ ಅದನ್ನ ಉಂಡು ರೂಢಿ ಆಗ್ಯಾವ್ರಿ ಸಾಹೇಬ್ರ. ಹಳ್ಳದಾಗಿನವಕ್ಕ ಯಾರು ರೂಢಿ ಮಾಡಸ್ತಾರ್ರಿ?"

ಬೇಕಾದರೆ ಊರ ಗಟಾರಿನಿಂದಲೇ ಇನ್ನೊಮ್ಮೆ ತಂದು ಮಾಡುತ್ತೇನೆ ಎಂದು ಅಕ್ಕಾರೇ ಒಪ್ಪಿಕೊಂಡರು. ಆ ಕೆಲಸಕ್ಕೆ ಅವರು ಬೇರೆಯವರನ್ನು ಕಳಿಸಿದ್ದೇ ಇಲ್ಲ. ನೀರು ತರಲು ಹೋದ ದಿನ ಮಳೆಯಲ್ಲಿ ಗಟಾರಿನ ದಂಡೆಯ ಮೇಲೆ ಕಾಲು ಜಾರಿತು. ಕಲ್ಲು ತಾಗಿ ಮೊಣಕಾಲ ಕೆಳಗೆ ಚರ್ಮ ಹರಿದು, ಸೀರೆಯ ಅಂಚೆಲ್ಲ ಹೂಳಾಗಿತ್ತು. ಗಾಯ ತೊಳೆದು ಬಟ್ಟೆ ಕಟ್ಟಿಕೊಂಡು, ಸಂಜೆಯೊಳಗೆ ಬಾಟಲಿಗಳನ್ನೆಲ್ಲ ಜೋಡಿಸಿಟ್ಟೇ ಮನೆಗೆ ಹೋದರು.

ಮುಂದಿನ ವಾರ ಜ್ವರ ಬಂತು. ಕಣ್ಣು ಹಳದಿಯಾದವು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಇಲಿ ಜ್ವರ, ಗಟಾರಿನ ನೀರು ಗಾಯಕ್ಕೆ ತಾಗಿ ಬಂದದ್ದು ಎಂದರು. ಅಷ್ಟರಲ್ಲಿ ಕಿಡ್ನಿ ಕೈಬಿಟ್ಟಿದ್ದವು. ನಾನು ನೋಡಲು ಹೋದಾಗ ಮಾತು ಬಹಳ ಸಣ್ಣದಾಗಿತ್ತು.

"ಕಪಾಟಿನ ಬಾಗಿಲಾ ಯಾರೂ ತಗದಿಲ್ಲಲ್ಲ?"

"ಇಲ್ರೀ ಅಕ್ಕಾರ."

"ಬೆಳಕು ಬಿದ್ರ ಕೆಡತಾವ..."

ನಾಲ್ಕು ವಾರ ತುಂಬುವ ಮೊದಲೇ ಅವರು ಹೋದರು. ದಿನ ತುಂಬಿದಾಗ ಬಾಟಲಿ ತೆರೆದು ಅಳೆದವಳು ನಾನು. ಈ ಸಲವೂ ರಾಸಾಯನಿಕದ ಬಾಟಲಿಗಳಲ್ಲಿ ಆಮ್ಲಜನಕ ಕದಲಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದು ಕೊಟ್ಟೆ. ಮಾಲಕರು ಓದಿ, "ಪಾಪ, ಛಲೋ ಹೆಣ್ಮಗಳು," ಎಂದರು. ಕಾರ್ಖಾನೆಯವರು ಬೇರೆ ಕಡೆ ತಮ್ಮ ಹೂಳಿನಿಂದಲೇ ಪರೀಕ್ಷೆ ಮಾಡಿಸಿಕೊಂಡರೆಂದು ಆಮೇಲೆ ತಿಳಿಯಿತು. ದೀಪಾವಳಿಯ ಹೊತ್ತಿಗೆ ಆ ಲಿಕ್ವಿಡ್ ಅಂಗಡಿಗಳಿಗೆ ಬಂತು. ನಾನು ಕೆಲಸ ಬಿಟ್ಟು ಕಾಲೇಜು ಸೇರಿದೆ. ಅಷ್ಟಕ್ಕೆ ಏನೂ ನಿಲ್ಲಲಿಲ್ಲ.

ಮೊನ್ನೆ ನಮ್ಮ ಅತ್ತೆ ಅದನ್ನೇ ಕೊಂಡು ತಂದಿದ್ದಾರೆ. ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರ. "ನೊರಿ ಎಷ್ಟ್ ಛಲೋ ಬರ್ತದ ನೋಡವಾ," ಎಂದರು. ಅವರಿಗೆ ಎಲ್ಲ ಹೇಳಿದೆ. ಕೇಳಿ ಮುಖ ಸಣ್ಣದು ಮಾಡಿಕೊಂಡು, "ಹಂಗಾರ ಚೆಲ್ಲಿಬಿಡು," ಎಂದರು. ಡಬ್ಬಿ ಎತ್ತಿಕೊಂಡು ಬಚ್ಚಲಿಗೆ ಹೋದೆ. ಮುಚ್ಚಳ ತೆಗೆದ ಮೇಲೆ ಕೈ ನಿಂತಿತು. ಬಚ್ಚಲಿಗೆ ಸುರಿದರೆ ಅದು ಹೋಗುವುದು ಅದೇ ಹಳ್ಳಕ್ಕೆ. ಹಿತ್ತಲಿಗೆ ಸುರಿದರೂ ಮಳೆ ಬಂದರೆ ಅಲ್ಲಿಗೇ... ಎಲ್ಲಿ ಚೆಲ್ಲಬೇಕೆಂದು ಕೇಳೋಣವೆಂದರೆ ಅಕ್ಕಾರಿಲ್ಲ.

ಮುಚ್ಚಳ ತಿರುವಿ ಅಟ್ಟದ ಮೇಲಿಟ್ಟಿದ್ದೇನೆ.