‘ಹೊರಗಿಂದು’ ಎಂದು ಕೇಳಿದ್ದು

ವಿದ್ಯಾನಗರದ ಆಸ್ಪತ್ರೆಯೊಂದರಲ್ಲಿ ನಾನು ಸಂಶೋಧನಾ ಸಹಾಯಕಿ. ದೊಡ್ಡ ಕರುಳಿನ ಕ್ಯಾನ್ಸರ್ ಬಲಿಯುವ ಮೊದಲೇ ಅದರ ಗುರುತು ರಕ್ತದಲ್ಲಿ ಸಿಗುತ್ತದೆಯೇ ಎಂದು ನೋಡುವುದು ನಮ್ಮ ಕೆಲಸ. ಗಡ್ಡೆಯ ಜೀವಕೋಶಗಳು ಸಾಯುವಾಗ ತಮ್ಮ ಡಿಎನ್‌ಎಯ ಚೂರುಗಳನ್ನು ರಕ್ತಕ್ಕೆ ಬಿಡುತ್ತವೆ. ಹುಡುಕುವುದು ಆ ಚೂರುಗಳನ್ನು. ರಕ್ತ ತೆಗೆಯುವವರು ಒಬ್ಬ ಹಿರಿಯ ಸಿಸ್ಟರ್. ಮೊದಲು ಪ್ರಶ್ನೆ ಕೇಳಿ ಫಾರ್ಮ್ ತುಂಬುವವಳು ನಾನು. ತೊಂದರೆ ಏನೂ ಇಲ್ಲ ಎಂದವರ ರಕ್ತ ಮಾತ್ರ ನಮಗೆ ಬೇಕು. ಇದೆ ಎಂದವರನ್ನು ನೇರ ಡಾಕ್ಟರ ಹತ್ತಿರ ಕಳಿಸಬೇಕು.

ಕಳೆದ ವರ್ಷ ಸುಳ್ಳ ಎಂಬ ಹಳ್ಳಿಯಿಂದ ಒಬ್ಬ ಹೆಂಗಸು ಬಂದಿದ್ದರು, ಐವತ್ತೈದರ ಆಸುಪಾಸು. ಫಾರ್ಮಿನಲ್ಲಿ ‘ಮಲದಲ್ಲಿ ರಕ್ತ ಕಂಡಿದೆಯೇ?’ ಎಂದು ಅಚ್ಚಾಗಿತ್ತು. ಆ ಪದ ಆಡಲು ನನಗೆ ಸಂಕೋಚ. ಅರ್ಧ ನುಂಗಿಕೊಂಡು, “ಹೊರಗಿಂದು… ರಕ್ತ ಏನರ ಹೋಗತೈತೇನ್ರಿ?” ಎಂದೆ.

“ಅದು ನಿಂತು ಐದ ವರ್ಷಾತವಾ.”

‘ಇಲ್ಲ, ನಿಂತು ಐದು ವರ್ಷ’ ಎಂದು ಬರೆದುಕೊಂಡೆ. ನಿಂತದ್ದು ಏನೆಂದು ಕೇಳಲಿಲ್ಲ.

ಸಿಸ್ಟರ್ ರಕ್ತ ತೆಗೆಯುವುದನ್ನು ನೋಡುತ್ತ ನಿಲ್ಲುವುದು ನನಗಿಷ್ಟ. ಕಣ್ಣಿಗೆ ಕಾಣದ ನರವನ್ನು ಅವರ ಬೆರಳು ಹುಡುಕುತ್ತದೆ. ಸೂಜಿ ಒಳಗೆ ಹೋದದ್ದು ಎಷ್ಟೋ ಜನಕ್ಕೆ ತಿಳಿಯುವುದೇ ಇಲ್ಲ. ಆಮೇಲೆ ರಕ್ತ ತುಂಬಿದ ಟ್ಯೂಬನ್ನು ಮಲಗಿದ ಕೂಸನ್ನು ಮಗ್ಗುಲಾಗಿಸುವಷ್ಟು ಮೆಲ್ಲಗೆ ಹೊರಳಿಸುತ್ತಾರೆ; ಅಲುಗಾಡಿಸಿದರೆ ರಕ್ತದ ಕಣ ಒಡೆದು ಎಲ್ಲ ವ್ಯರ್ಥ.

ಕೆಲವು ವಾರಗಳ ಮೇಲೆ ವರದಿ ಬಂತು. ಗುರುತು ಇತ್ತು. ಅಷ್ಟಕ್ಕೇ ಕ್ಯಾನ್ಸರ್ ಎಂದಲ್ಲ. ಈ ಪರೀಕ್ಷೆ ಸುಮ್ಮನೆ ಹೆದರಿಸುವುದೂ ಉಂಟು, ಇದ್ದದ್ದನ್ನು ಹೇಳದೆ ಬಿಡುವುದೂ ಉಂಟು. ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳನ್ನು ನೋಡಿದರೇ ಖಾತ್ರಿ. ಅವರನ್ನು ಕರೆಸಿ ಇಷ್ಟನ್ನೂ ಒಂದೂ ತಪ್ಪಿಲ್ಲದೆ ವಿವರಿಸಿದೆ.

“ನನಗೇನ ಆಗೇತಿ ತಂಗಿ? ದಿನಾ ಇಪ್ಪತ್ತ ರೊಟ್ಟಿ ಬಡೀತೇನಿ. ಪೈಪ್ ಇಳಿಸಾಕ ನಾನೇನ ಬೋರ್‌ವೆಲ್ಲಾ?” ಎನ್ನುತ್ತ ಸೆರಗು ಹೊದ್ದು ಎದ್ದು ಬಾಗಿಲಿನತ್ತ ನಡೆದೇಬಿಟ್ಟರು.

ಪಕ್ಕದ ಮೇಜಿನಲ್ಲಿದ್ದ ಸಿಸ್ಟರ್ ನನ್ನ ಫಾರ್ಮ್ ಎತ್ತಿಕೊಂಡು ಓದಿದರು. “ನಿಂತು ಐದು ವರ್ಷ? ಏನ ನಿಂತತವಾ ಇದು?” ಎಂದು ನನ್ನನ್ನು ಕೇಳಿದವರು ಉತ್ತರಕ್ಕೆ ಕಾಯದೆ ಬಾಗಿಲಿಗೆ ಹೋಗಿ ಆ ಹೆಂಗಸಿನ ಕೈ ಹಿಡಿದುಕೊಂಡರು. “ಯಕ್ಕಾ, ಈ ಹುಡುಗಿ ಕೇಳಿದ್ದು ತಿಂಗಳಾ ಹೊರಗಾಗೂದಲ್ಲ ಬೇ. ಮುಂಜಾನೆದ್ದು ಚರಗಿ ತಗೊಂಡು ಹೊರಗ ಹೋಗೂದು.”

“ಹಂಗಂತ ಬಾಯಿಬಿಟ್ಟ ಕೇಳಬೇಕಿತ್ತಲಾ ಆಕಿ!” ಅವರು ನಕ್ಕುಬಿಟ್ಟರು. “ಅದರಾಗ ರಕ್ತ ಬೀಳತೈತಿ. ಮೂಲವ್ಯಾಧಿ ಅದು, ಖಾರದ ರಂಜಕ ತಿಂದ್ರ ಜಾಸ್ತಿ. ಎರಡ ವರ್ಷಾತು.”

ನನ್ನ ಮುಖ ಬಿಸಿಯಾಯಿತು. ಅವರನ್ನು ಅಂದೇ ಡಾಕ್ಟರ ಹತ್ತಿರ ಕಳಿಸಬೇಕಾಗಿತ್ತು. ನನ್ನ ಮರ್ಯಾದೆಯ ಮಾತು ಮುಚ್ಚಿಹಾಕಿದ್ದನ್ನು ಎರಡು ಚಮಚ ರಕ್ತ ಹೊರಗೆ ತಂದಿತ್ತು.

“ಮೂಲವ್ಯಾಧಿನೋ ಮತ್ತೇನೋ, ನೋಡಿದ್ರ ಗೊತ್ತಾಗೂದು,” ಎಂದರು ಸಿಸ್ಟರ್ ಅವರಿಗೆ.

“ನೋಡಾವ್ರು ಗಂಡಸರಲಾ?”

“ಹೌದು. ಆದ್ರ ಅವರು ಟಿವಿ ನೋಡ್ತಾರ, ನಿನ್ನ ಅಲ್ಲ. ನಾ ನಿನ್ನ ತಲಿ ಕಡೆ ನಿಂದರ್ತೇನಿ, ಆತಿಲ್ಲ?”

ಎದ್ದು ಹೊರಟಿದ್ದವರು ಬಂದು ಕೂತರು.

ಕರುಳಿನಲ್ಲಿ ಸಣ್ಣ ಗಡ್ಡೆಯಿತ್ತು, ಕ್ಯಾನ್ಸರೇ. ಆಪರೇಷನ್ ಆಯಿತು. ಅದು ಕರುಳಿನ ಗೋಡೆ ದಾಟಿಲ್ಲ, ಪೂರ್ತಿ ತೆಗೆದಾಗಿದೆ ಎಂಬ ವರದಿ ಬಂದ ದಿನ ಸಿಸ್ಟರ್ ನನ್ನನ್ನೂ ವಾರ್ಡಿಗೆ ಕರೆದೊಯ್ದರು. ಡಾಕ್ಟರ್ ಹೇಳಿ ಹೋಗಿದ್ದರೂ ಆ ಹೆಂಗಸು ಅದೇ ಮಾತನ್ನು ಸಿಸ್ಟರ್ ಬಾಯಿಂದ ಎರಡು ಸಲ ಹೇಳಿಸಿಕೊಂಡರು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

“ಇದು ತಾಯಿಂದ ಮಕ್ಕಳಿಗೂ ಬರಬಹುದಂತ, ನನ್ನ ಮಗಳನ್ನೂ ತೋರಿಸ್ರಿ ಅಂತ ಡಾಕ್ಟರ್ ಹೇಳ್ಯಾರ. ಆಕೀಗೆ ಕೇಳೂದೆಲ್ಲಾ ನಾನ ಕೇಳ್ತೇನಿ, ತಂಗಿ. ನೀ ಬರಕೊಂಡ್ರ ಸಾಕು.”