ಅತ್ತೆಯ ಜೊತೆ ಗೇಮಿಂಗ್ ಕಂಪ್ಯೂಟರ್ ಹುಡುಕಿ

ಆ ಶನಿವಾರ ಬೆಳಿಗ್ಗೆ ಚೇಳೂರಿನಲ್ಲಿ ಗುಬ್ಬಿ ಬಸ್ಸಿಗೆ ಕಾಯುತ್ತ ನಾನು ನಿಂತಲ್ಲಿ ನಿಲ್ಲಲಾರದೆ ಓಡಾಡುತ್ತಿದ್ದೆ. ಓಡಾಟ ಎಂದರೆ ದೊಡ್ಡ ಮಾತು, ಎಡಗಾಲು ಎಳೆದುಕೊಂಡು ನಾಲ್ಕು ಹೆಜ್ಜೆ ಹೋಗಿ ಬರುವುದು ಅಷ್ಟೆ. ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ. ವಾಲಿಬಾಲ್ ಆಡಿಯೇ ಬೆಳೆದವಳು. ಎರಡು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು ಮಂಡಿ ಹಾಳಾದ ಮೇಲೆ ನನ್ನ ಪಾಲಿಗೆ ಉಳಿದದ್ದು ವಿಷಲ್ ಒಂದೇ. ಮಕ್ಕಳು ಆಡುತ್ತಾರೆ, ನಾನು ಊದುತ್ತೇನೆ. ಇದಕ್ಕಿಂತ ಶಿಕ್ಷೆ ಬೇಕೇ?

ನನ್ನ ಹಳೆಯ ತಂಡದ ಶೋಭಾ ಮತ್ತು ಇನ್ನು ಮೂವರು ಗೆಳತಿಯರು ಭಾನುವಾರ ಸಂಜೆ ಅವರವರ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಐದು ಜನರ ಆಟವೊಂದನ್ನು ಆಡುತ್ತಾರೆ. ಐದನೆಯವಳು ಬಿಟ್ಟುಹೋಗಿದ್ದಳು. "ಇನ್ನು ಮೂರು ವಾರದ ತಂಕ ನಿನ್ ಜಾಗ ಇಟ್ಟಿರ್ತೀವಿ ಕಣೇ. ಆಮೇಲೆ ಬೇರೆಯವ್ರನ್ನ ಸೇರಿಸ್ಕೊತೀವಿ" ಎಂದಿದ್ದಳು ಶೋಭಾ. ಅವಳು ಹಾಗೆ ಹೇಳಿ ಮೂರು ವಾರವಾಗಿತ್ತು, ನಾಳೆಯೇ ಕೊನೆಯ ಭಾನುವಾರ. ಹೊಸದು ತರುವುದೋ, ಬಿಡಿಭಾಗ ಕೊಂಡು ಜೋಡಿಸುವುದೋ, ಸೆಕೆಂಡ್ ಹ್ಯಾಂಡ್ ಸಾಕೋ, ಲ್ಯಾಪ್‌ಟಾಪೋ? ಫೋನಿನಲ್ಲಿ ವಿಡಿಯೋ ನೋಡಿ ನೋಡಿ ತಲೆ ಕೆಟ್ಟು ಕೆರ ಹಿಡಿದಿತ್ತು. ಒಬ್ಬ ಹೌದು ಎಂದದ್ದನ್ನು ಇನ್ನೊಬ್ಬ ಅಲ್ಲ ಎನ್ನುತ್ತಿದ್ದ. ಕೊನೆಗೆ ಶಾಲೆಗೆ ರಜೆ ಹಾಕಿ, ತುಮಕೂರು, ಕುಣಿಗಲ್ ಎರಡೂ ಕಡೆ ನೋಡಿಬಿಡೋಣವೆಂದು ಹೊರಟೇಬಿಟ್ಟೆ.

ಜೊತೆಗೆ ಅತ್ತೆ. ಅವರ ತವರು ಅಮೃತೂರು, ಕುಣಿಗಲ್‌ನಿಂದ ಆಚೆ. "ನೀನು ಹೆಂಗೂ ಕುಣಿಗಲ್ ತಂಕ ಬತ್ತೀಯಂತಲ್ಲ, ತಮ್ಮನ್ ಮನೆಗೂ ಹೋಗ್ಬರಾನ ನಡಿ" ಎಂದು ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲೇ ಬಾಗಿಲಲ್ಲಿ ನಿಂತಿದ್ದರು. ಗುಬ್ಬಿಯವರೆಗೆ ಖಾಸಗಿ ಬಸ್ಸು, ಟಿಕೆಟ್ ಕೊಟ್ಟೆವು. ಗುಬ್ಬಿಯಿಂದ ಸರ್ಕಾರಿ ಬಸ್ಸು, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಮೋಡ ಕವಿದಿತ್ತು, ಗಾಳಿ ಜೋರಾಗಿತ್ತು. ತುಮಕೂರು ಬರುವಷ್ಟರಲ್ಲಿ ನಾನು ಮೂರು ಸಲ ಮನಸ್ಸು ಬದಲಿಸಿದ್ದೆ.

ಬಸ್ ಸ್ಟ್ಯಾಂಡ್ ಹತ್ತಿರ ತಟ್ಟೆ ಇಡ್ಲಿ ತಿಂದು ಮೊದಲ ಅಂಗಡಿಗೆ ಹೋದೆವು. ರೆಡಿ ಸೆಟ್ ಕಣ್ಣು ಕುಕ್ಕುವಂತಿತ್ತು. ಒಳಗೆ ಫ್ಯಾನು ತಿರುಗಿದಂತೆಲ್ಲ ಬಣ್ಣ ಬದಲಾಗುತ್ತಿತ್ತು. ಅಂಗಡಿಯವರು ಒಳ್ಳೆಯವರು, ಮುಚ್ಚುಮರೆ ಇಲ್ಲದೆ ಹೇಳಿದರು: "ನಿಮ್ ಬಜೆಟ್ಟಿಗೆ ಇದ್ರಲ್ಲಿ ಲೈಟು ಜಾಸ್ತಿ ಮೇಡಂ, ಗ್ರಾಫಿಕ್ಸ್ ಕಾರ್ಡು ಸುಮಾರು. ಆಟಕ್ಕೆ ಮುಖ್ಯ ಆ ಕಾರ್ಡೇ." ಲ್ಯಾಪ್‌ಟಾಪ್ ಕೇಳಿದೆ. ಅದೇ ದುಡ್ಡಿಗೆ ಇನ್ನೂ ಸಣ್ಣ ಕಾರ್ಡು ಬರುತ್ತದೆ, ಬೇಗ ಬಿಸಿಯಾಗುತ್ತದೆ ಎಂದರು. ಅಷ್ಟರಲ್ಲಿ ಅತ್ತೆ ಬೆರಳ ಗೆಣ್ಣಿನಿಂದ ಕ್ಯಾಬಿನೆಟ್ಟನ್ನು ಕುಟ್ಟಿ ನೋಡಿದರು. "ಇದು ಕಬ್ಬಿಣ ಅಲ್ವೇನಪ್ಪ?" ಎಂದು ಕೇಳಿದರು. "ಹೂಂ ಅಮ್ಮ, ಗಟ್ಟಿ ಮಾಲು" ಎಂದರು ಅಂಗಡಿಯವರು. ಅತ್ತೆಯ ಮುಖ ಸಪ್ಪಗಾಯಿತು. ನಾನು ಕಂಡೂ ಕಾಣದವಳಂತೆ ಹೊರಗೆ ಬಂದೆ.

ಎರಡನೆಯ ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿ ಕೊಡುತ್ತಾರೆ. ನನ್ನ ಆಟಕ್ಕೆ ಏನೇನು ಸಾಕು ಎಂದು ಚೊಕ್ಕವಾಗಿ ವಿವರಿಸಿದರು, ಕರೆಂಟು ಹೋಗುವ ಊರಾದ್ದರಿಂದ ಯುಪಿಎಸ್ ಬೇಕೇ ಬೇಕು ಎಂದರು. ಕುಣಿದಾಡುವಷ್ಟು ಖುಷಿಯಾಯಿತು. ಆದರೆ ಕಾರ್ಡು ಬೆಂಗಳೂರಿನಿಂದ ಬರಬೇಕು. "ಬುಧವಾರ ಬನ್ನಿ" ಎಂದರು. ಬುಧವಾರ ಬಂದರೆ ನನ್ನ ಜಾಗದಲ್ಲಿ ಇನ್ಯಾರೋ ಕುಳಿತಿರುತ್ತಾರೆ. ಯುಪಿಎಸ್ ಮಾತ್ರ ತಂದಿಡಿ ಎಂದು ಗಂಡನಿಗೆ ಫೋನ್ ಮಾಡಿ, ಕುಣಿಗಲ್ ಬಸ್ಸು ಹತ್ತಿದೆ.

ಹೆಬ್ಬೂರು ದಾಟುವವರೆಗೂ ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದರು. ನನಗೋ ಸೀಟಿನಲ್ಲಿ ಮುಳ್ಳು. ಉಳಿದದ್ದು ಒಂದೇ ದಾರಿ, ಫೋನಿನಲ್ಲಿ ಜಾಹೀರಾತು ಕಂಡಿದ್ದ ಸೆಕೆಂಡ್ ಹ್ಯಾಂಡ್ ಮಿಷನ್ನು. ಮಾರುವವರು ಕುಣಿಗಲ್‌ನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಮಂಜಣ್ಣ. ಮದುವೆ ವಿಡಿಯೋ ಎಡಿಟ್ ಮಾಡಲು ಹೊಸದು ಕೊಂಡು ಹಳೆಯದನ್ನು ಕೊಡುತ್ತಿದ್ದರು.

ಲೈಟು ಗೀಟು ಇಲ್ಲದ ಕರೀ ಡಬ್ಬಿ ಅದು. ಕಾರ್ಡು ಮಾತ್ರ ಒಳ್ಳೆಯದು. ನಮ್ಮ ಆಟವೂ ಅದರಲ್ಲೇ ಇತ್ತು. "ಒಂದು ಗಂಟೆ ಆಡಿ ನೋಡಿ ಮೇಡಂ. ಬಿಸಿಯಾಗಿ ಆಫ್ ಆದ್ರೆ ತಗೋಬೇಡಿ" ಎಂದರು ಮಂಜಣ್ಣ. ಮೊದಲ ಆಟದಲ್ಲಿ ಕಣ್ಣು ಮುಚ್ಚಿ ಬಿಡುವುದರೊಳಗೆ ಸತ್ತೆ. ಮೌಸು ಸರಿಯಿಲ್ಲ ಎಂದು ಗೊಣಗಿದೆ. "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದರು ಅತ್ತೆ. ಆಮೇಲೆ ಆಡಿದ್ದೇ ಆಡಿದ್ದು. ಮೈಯೆಲ್ಲ ಬೆವರಿತ್ತು. ಮಿಷನ್ನು ಆಫ್ ಆಗಲಿಲ್ಲ. ಇದೇ ಬೇಕು ಎಂದು ಮೂರು ವಾರದಲ್ಲಿ ಮೊದಲ ಸಲ ಮನಸ್ಸು ಒಂದೇ ಕಡೆ ನಿಂತಿತು.

ಆಗ ಮಂಜಣ್ಣನಿಗೆ ಫೋನು ಬಂತು. ತುಮಕೂರಿನ ಇನ್ನೊಬ್ಬರು ಸಂಜೆ ಬಂದು ಒಯ್ಯುತ್ತಾರಂತೆ. "ನಾನೇ ತಗೊತೀನಿ" ಎಂದು ಬ್ಯಾಗಿಗೆ ಕೈ ಹಾಕಿದೆ. ಅತ್ತೆ ಆ ಕೈ ಹಿಡಿದುಕೊಂಡರು.

"ಶನಿವಾರ ಕಬ್ಬಿಣ ಕೊಳ್ಳಂಗಿಲ್ಲ ಕಣೇ."

"ಅತ್ತೆ, ಯಾವ ಕಾಲದಲ್ಲಿದ್ದೀರ? ನಾಳೆ ಅಂದ್ರೆ ಹೊಂಟೋಗುತ್ತೆ!"

"ನಿನ್ ಸ್ಕೂಟರ್ ತಂದಿದ್ದು ಯಾವ್ ವಾರ?" ಅತ್ತೆ ಹಿಡಿತ ಬಿಗಿ ಮಾಡಿದರು. "ಶನಿವಾರ. ಹೊಸ ಕಾಲದೋರು, ಯಾಕೆ ಬೇಸರ ಮಾಡದು ಅಂತ ಅವತ್ತು ಸುಮ್ನಾದೆ. ನಿನ್ ಕಾಲು ಹೋಯ್ತು. ಇವತ್ತು ಸುಮ್ನಿರಕ್ಕೆ ನನ್ ಕೈಲಾಗಲ್ಲ, ಬುಡು."

ಎರಡು ವರ್ಷ ನನ್ನ ಮಂಡಿಗೆ ಎಣ್ಣೆ ತಿಕ್ಕಿದ ಕೈ ಅದು. ತಿಕ್ಕುವಾಗಲೆಲ್ಲ ಈ ಭಾರ ಹೊತ್ತೇ ತಿಕ್ಕುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ಶನಿಯನ್ನು ನಾನು ನಂಬುವುದಿಲ್ಲ, ಆದರೆ ಆ ಕೈ ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ. "ಹೋಗ್ಲಿ ಬಿಡಿ ಮಂಜಣ್ಣ, ಅವರಿಗೇ ಕೊಡಿ" ಎಂದು ಎದ್ದೆ.

ಅತ್ತೆ ಏಳಲಿಲ್ಲ. ಸೊಂಟದ ಚೀಲ ಬಿಚ್ಚಿ ಎರಡು ವೀಳ್ಯದೆಲೆ ಒರೆಸಿ, ಅಡಿಕೆ ಇಟ್ಟು, ಮಂಜಣ್ಣನ ಮುಂದೆ ಹಿಡಿದರು. "ದುಡ್ಡು ನಾಳೆ ಬೆಳಿಗ್ಗೆ, ಡಬ್ಬಿನೂ ನಾಳೆ. ಇವತ್ತು ಮಾತು ಒಂದೇ. ತಗೊಳಪ್ಪ."

ಮಂಜಣ್ಣ ಎಷ್ಟೋ ನಿಶ್ಚಿತಾರ್ಥಗಳಲ್ಲಿ ವೀಳ್ಯ ಬದಲಾಯಿಸುವುದನ್ನು ಎದುರಿಗೇ ನಿಂತು ಶೂಟ್ ಮಾಡಿದವರು. ಒಮ್ಮೆ ಫೋನು ನೋಡಿದರು, ಒಮ್ಮೆ ಎಲೆ ನೋಡಿದರು. ಕೊನೆಗೆ ಎರಡೂ ಕೈ ಚಾಚಿ ತೆಗೆದುಕೊಂಡರು.

ಆ ರಾತ್ರಿ ಅಮೃತೂರಿನಲ್ಲಿ ಅತ್ತೆಯ ತಮ್ಮನ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು. ಅತ್ತೆ ಗೊರಕೆ ಹೊಡೆದರು. ನನಗೆ ನಿದ್ದೆ ಹತ್ತಲಿಲ್ಲ. ಎಲೆ ಅಡಿಕೆಗೆ ಈ ಕಾಲದಲ್ಲಿ ಯಾರು ಕಟ್ಟುಬೀಳುತ್ತಾರೆ? ಬೆಳಿಗ್ಗೆ ಮೊದಲ ಬಸ್ಸಿಗೆ ಕುಣಿಗಲ್ ಮುಟ್ಟಿದಾಗ ಸ್ಟುಡಿಯೋ ಇನ್ನೂ ತೆರೆದಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತಿದ್ದೆವು. ಬಂದ ಮಂಜಣ್ಣ ಶಟರ್ ಎತ್ತಿದರು. ಡಬ್ಬಿ ಅಲ್ಲೇ ಇತ್ತು.

"ಅವ್ರು ಜಾಸ್ತಿ ಕೊಡ್ತೀನಿ ಅಂದ್ರು ಮೇಡಂ. ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡ್ಬುಟ್ಟಿದೀನಿ, ಇನ್ನೇನ್ ಮಾಡ್ಲಿ ಅಂದೆ" ಎಂದು ನಕ್ಕರು.

ಮೂರು ಬಸ್ಸು ಬದಲಿಸಿ ಚೇಳೂರು ಸೇರಿದೆವು. ಗುಬ್ಬಿಯಿಂದ ಮುಂದೆ ರಸ್ತೆ ಕುಲುಕುತ್ತದೆಂದು ಅತ್ತೆ ಡಬ್ಬಿಯನ್ನು ತೊಡೆಯ ಮೇಲಿಟ್ಟು ಸೆರಗು ಹೊದಿಸಿಕೊಂಡು ಬಂದರು. ಗಂಡ ಬೆಳಿಗ್ಗೆಯೇ ಯುಪಿಎಸ್ ತಂದು, ಮನೆಯಲ್ಲಿದ್ದ ಹಳೆಯ ಮಾನಿಟರ್, ಕೀಬೋರ್ಡು ಇಟ್ಟು ಮೇಜು ಸಿದ್ಧ ಮಾಡಿದ್ದರು. ಸಂಜೆ ಕಿವಿಗೆ ಹೆಡ್‌ಫೋನ್ ಏರಿಸಿದಾಗ ಶೋಭಾಳ ದನಿ ಕೇಳಿತು: "ಬಂದ್ಯೇನೇ?"

ಆಟ ಶುರುವಾಯಿತು. ಗೋಡೆ ಹಾರಿದೆ, ಮೆಟ್ಟಿಲು ಏರಿದೆ, ಬಯಲಿಗೆ ಬಂದೆ. ಪಕ್ಕದ ಕುರ್ಚಿಯಲ್ಲಿ ಅತ್ತೆ ಪರದೆಗೆ ಮುಖ ಚಾಚಿದರು.

"ಅದ್ರಲ್ಲಿ ಓಡ್ತಿರೋಳು ನೀನೇನೇ?"

"ಹೂಂ ಅತ್ತೆ."

"ಬಿದ್ರೆ ನೋಯ್ತದಾ?"

"ಇಲ್ಲ."

ಅತ್ತೆ ಕುರ್ಚಿ ಹತ್ತಿರ ಎಳೆದುಕೊಂಡರು. ಆಮೇಲೆ ನನ್ನ ಮಂಡಿಯ ಮೇಲೆ ಕೈ ಇಟ್ಟರು.

"ಹಂಗಾದ್ರೆ ಓಡು."