ಎರಡು ಕೆಂಪು ಗೀಟು

ಇದನ್ನು ನಿಮಗೆ ಹೇಳುವುದನ್ನು ಎಷ್ಟೋ ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ, ಮಿತ್ರರೇ. ಪ್ರತಿ ಸಲವೂ ಪೆನ್ಸಿಲ್ ಚೂಪು ಮಾಡುತ್ತ ಕುಳಿತು, ಚೂಪು ಮಾಡಿದ್ದೇ ಕೆಲಸವೆಂದು ಎದ್ದುಬಿಡುತ್ತಿದ್ದೆ. ಒಂದು ತುದಿ ಕೆಂಪು, ಇನ್ನೊಂದು ನೀಲಿಯಿರುವ ಆ ಪೆನ್ಸಿಲ್ ವಿಶಾಖಪಟ್ಟಣದ ಬಂದರಿನಲ್ಲಿ ನನ್ನ ಅನ್ನದ ಸಂಗಾತಿ. ಹಡಗಿನಿಂದ ಇಳಿದ ಪೆಟ್ಟಿಗೆ ನೆಟ್ಟಗಿದ್ದರೆ ಪಟ್ಟಿಯಲ್ಲಿ ನೀಲಿ ಗುರುತು, ಒಡೆದಿದ್ದರೆ ಅಡ್ಡಡ್ಡ ಎರಡು ಕೆಂಪು ಗೀಟು. ಹತ್ತನೇ ತರಗತಿ ಓದಿದವನಿಗೆ ಅಷ್ಟು ಅಧಿಕಾರ ಸಾಕಾಗಿತ್ತು, ಹೆಚ್ಚೇ ಆಗಿತ್ತು.

ಆಗ ನನ್ನ ತಂಗಿ ಗಿರಿಜಾ ಧಾರವಾಡದಿಂದ ಬಂದು ನಮ್ಮ ಜೊತೆಗಿದ್ದಳು. ಚಿತ್ರಕಲೆಯ ಶಿಕ್ಷಕಿಯಾಗುವ ಹಂಬಲ. ಶಾಲೆಯೊಂದರ ಸಂದರ್ಶನಕ್ಕೆ ಒಯ್ಯಲೆಂದು ಹದಿನೈದು ದಿನ ಕುಳಿತು ಬಣ್ಣದ ಪೆನ್ಸಿಲುಗಳಲ್ಲಿ ಒಂದು ಚಿತ್ರ ಮಾಡಿದ್ದಳು. ಅದರಲ್ಲಿ ಮನೆಯಿಲ್ಲ, ಮರವಿಲ್ಲ. ತಿಳಿಹಳದಿ, ಬೂದು, ಎಳೆಹಸಿರುಗಳು ಒಂದರೊಳಗೊಂದು ಕರಗುತ್ತಿದ್ದವು.

"ಏನಿದು, ಯಾವ ಸಾಮಾನು?" ಎಂದೆ.

"ಸಾಮಾನಲ್ಲಣ್ಣಾ, ಬರೇ ಬಣ್ಣ ಅದ," ಎಂದು ನಕ್ಕಳು.

ಆ ನಗು ನನ್ನ ಓದಿನ ಮೇಲೆ ಬಿದ್ದಂತಾಯಿತು. ಜೇಬಿನ ಪೆನ್ಸಿಲ್ ತೆಗೆದು ಚಿತ್ರದ ಮೂಲೆಯಿಂದ ಮೂಲೆಗೆ ಎರಡು ಕೆಂಪು ಗೀಟು ಎಳೆದೆ. ಮೇಣದಂಥ ಆ ಬಣ್ಣ ರಬ್ಬರಿಗೆ ಜಗ್ಗಲಿಲ್ಲ. ಅವಳು ಸಂದರ್ಶನಕ್ಕೆ ಹೋಗಲಿಲ್ಲ. ತಪ್ಪಾಯಿತೆನ್ನದೆ ನಾನು ಎಂದಿನಂತೆ ಬಂದರಿಗೆ ಹೋದೆ.

ಈಗ ಅವಳು ವಿಶಾಖಪಟ್ಟಣದ ಹತ್ತಿರದ ಭೀಮುನಿಪಟ್ಟಣದಲ್ಲಿ ಹೊಲಿಗೆ ಕಲಿಸುತ್ತಾಳೆ. ನಾನು ವಿಜಯವಾಡದ ಭವಾನಿಪುರಂನಲ್ಲಿ ಮಗಳ ಮನೆಯಲ್ಲಿದ್ದೇನೆ. ಕಳೆದ ವಾರ ತಂಗಿಯಲ್ಲಿಗೆ ಹೋಗಿದ್ದ ಮೊಮ್ಮಗಳು ಅದೇ ಚಿತ್ರವನ್ನು ಸುರುಳಿ ಸುತ್ತಿ ತಂದಳು. ಬಿಚ್ಚಿದೆ. ನನ್ನ ಗೀಟುಗಳು ಇದ್ದಲ್ಲೇ ಇದ್ದವು. ಆದರೆ ಅವುಗಳ ಇಕ್ಕೆಲದಲ್ಲಿ ತಂಗಿ ಯಾವಾಗಲೋ ಕಡುನೀಲಿಯನ್ನು ಒತ್ತೊತ್ತಿ ತುಂಬಿದ್ದಳು. ಆ ಗಾಢತೆಯ ಪಕ್ಕದಲ್ಲಿ ತಿಳಿಹಳದಿ ದೀಪದಂತೆ ಹೊತ್ತಿಕೊಂಡಿತ್ತು, ಕೆಂಪು ಗೀಟು ಸಂಜೆಯ ಕೃಷ್ಣೆಯ ಮೇಲಿನ ಬೆಳಕಿನ ದಾರಿಯಂತೆ ಹರಿದಿತ್ತು. ತಿಳಿಬಣ್ಣದ ಪಕ್ಕ ಮಂಕಾಗಿದ್ದದ್ದು ಕಡುಬಣ್ಣದ ಪಕ್ಕ ಬೆಳಗುತ್ತದೆ, ನಿಜ. ಹಾಗೆಂದು ಕೆಡಿಸಿದವನು ಉಪಕಾರ ಮಾಡಿದನೆಂದಲ್ಲ. ಬೆಳಗಿಸಿದ ಕೈ ಅವಳದು.

"ತಾತಯ್ಯಾ, ಈ ಕೆಂಪು ಗೀಟು ಯಾರು ಹಾಕಿದ್ದಂಡಿ? ಅಜ್ಜೀನ್ನ ಕೇಳಿದ್ರೆ, ನಿಮ್ಮ ತಾತಯ್ಯನ್ನೇ ಕೇಳು ಅಂದ್ರು," ಎಂದು ಮೊಮ್ಮಗಳು ತನ್ನ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದಳು.

"ನಾನೇ," ಎಂದೆ. ಅಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಬಹುದೆನಿಸಿತು.

ನಾಳೆ ಬೆಳಗಿನ ರೈಲಿಗೆ ತಂಗಿಯಲ್ಲಿಗೆ ಹೊರಡುತ್ತೇನೆ. ಎದುರಿಗೆ ನಿಂತಾಗ ನಾಲಗೆ ಕೈಕೊಟ್ಟರೆ ಇರಲೆಂದು ಒಂದು ಚೀಟಿ ಬರೆಯುತ್ತಿದ್ದೇನೆ. ಅದೇ ಪೆನ್ಸಿಲಿನ ಚೋಟುದ್ದದ ತುಂಡು. ಈ ಸಲ ನೀಲಿ ತುದಿಯನ್ನು ಚೂಪು ಮಾಡಿದ್ದೇನೆ. ಮೊದಲ ಪದಕ್ಕೇ ಇಷ್ಟು ವರ್ಷ ಹಿಡಿಯಿತು: ಗಿರಿಜಾ.